ಐಎಸ್‌ಐ ಹೆಲ್ಮೆಟ್ಟೋ, ವಿದೇಶಿ ಹೆಲ್ಮೆಟ್ಟೋ? ಕಾನೂನು ಏನು ಕೇಳುತ್ತದೆ, ತಲೆ ಏನು ಕೇಳುತ್ತದೆ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಕೆಲಸಕ್ಕೆಂದು ದಿನವೂ ಧಾರವಾಡಕ್ಕೆ ಬೈಕಿನಲ್ಲಿ ಹೋಗಿಬರುತ್ತೇನೆ. ನನ್ನಲ್ಲಿ ಎರಡು ಹೆಲ್ಮೆಟ್‌ಗಳಿವೆ. ಒಂದನ್ನು ರಸ್ತೆ ಬದಿಯಲ್ಲಿ 300 ರೂಪಾಯಿಗೆ ಕೊಂಡೆ, ಅದರ ಹಿಂಬದಿಯಲ್ಲಿ ಐಎಸ್‌ಐ ಗುರುತು ಇದೆ. ಇನ್ನೊಂದನ್ನು ಜರ್ಮನಿಯಲ್ಲಿರುವ ನನ್ನ ತಮ್ಮ ತಂದುಕೊಟ್ಟಿದ್ದಾನೆ. ಅದರಲ್ಲಿ ಐಎಸ್‌ಐ ಇಲ್ಲ, ಪಟ್ಟಿಯ ಮೇಲೆ ವೃತ್ತದೊಳಗೆ ‘ಇ1’ ಎಂದು ಬರೆದಿದೆ. ಎರಡನೆಯದನ್ನು ಹಾಕಿದರೆ ದಂಡ ಬೀಳುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಯಾವುದನ್ನು ಹಾಕಲಿ? ಹಿಂದೆ ಕೂರುವ ನನ್ನ ಹೆಂಡತಿಗೆ ಮತ್ತು ಮೂರು ವರ್ಷದ ಮಗಳಿಗೆ ನಿಯಮ ಏನು ಹೇಳುತ್ತದೆ?

ಉತ್ತರ: ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಕಾನೂನು ಯಾವ ಹೆಲ್ಮೆಟ್ಟನ್ನು ಒಪ್ಪುತ್ತದೆ ಎಂಬುದು ಒಂದು, ಬಿದ್ದಾಗ ಯಾವುದು ತಲೆ ಕಾಯುತ್ತದೆ ಎಂಬುದು ಮತ್ತೊಂದು. ಒಂದಕ್ಕೆ ಕೊಟ್ಟ ಉತ್ತರವೇ ಇನ್ನೊಂದಕ್ಕೂ ಸಲ್ಲುವಂತಿದ್ದರೆ ಚೆನ್ನಾಗಿತ್ತು. ನಿಮ್ಮ ಸಂದರ್ಭದಲ್ಲಿ ಹಾಗಿಲ್ಲ.

ನೇರವಾಗಿ ಹೇಳುತ್ತೇನೆ. 300 ರೂಪಾಯಿಯ ಹೆಲ್ಮೆಟ್ಟನ್ನು ಇನ್ನು ಹಾಕಬೇಡಿ. ಅದರ ಗುರುತು ನಕಲಿ ಎಂಬ ನನ್ನ ಅನುಮಾನ ಬಲವಾದದ್ದು, ಅದನ್ನು ನೀವೇ ಐದು ನಿಮಿಷದಲ್ಲಿ ಪರೀಕ್ಷಿಸಬಹುದಾದ ದಾರಿಯನ್ನು ಕೆಳಗೆ ಬರೆದಿದ್ದೇನೆ. ತಮ್ಮ ತಂದ ಹೆಲ್ಮೆಟ್ ಅಸಲಿಯಾಗಿದ್ದು ನಿಮ್ಮ ತಲೆಗೆ ಸರಿಯಾಗಿ ಕೂರುವುದಾದರೆ ರಕ್ಷಣೆಯಲ್ಲಿ ಅದು ಬಹಳ ಮೇಲು, ಆದರೆ ನಮ್ಮ ಕಾನೂನಿನ ಅಕ್ಷರಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಈ ಎರಡನ್ನೂ ಬಿಟ್ಟು, ಅಸಲಿ ಐಎಸ್‌ಐ ಗುರುತಿನ ಮೂರನೆಯದನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಅದು ಕೈಗೆ ಬರುವವರೆಗೆ ಈ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನಂತೂ ತಮ್ಮ ತಂದದ್ದನ್ನೇ ಹಾಕಿಕೊಳ್ಳುತ್ತೇನೆ. ದಂಡ ಕಟ್ಟಿದ ಹಣವನ್ನು ಮತ್ತೆ ದುಡಿಯಬಹುದು.

ಈಗ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ಟಿಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ, ಓಡಿಸುವವರಿರಲಿ ಹಿಂದೆ ಕುಳಿತವರಿರಲಿ, ಸಾರ್ವಜನಿಕ ಸ್ಥಳದಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ ಮಾನದಂಡಕ್ಕೆ ಹೊಂದುವ ಶಿರಸ್ತ್ರಾಣವನ್ನು ಧರಿಸಬೇಕು. ಪೇಟ ತೊಟ್ಟ ಸಿಖ್ಖರಿಗೆ ಮಾತ್ರ ವಿನಾಯಿತಿ. ಅದೇ ಸೆಕ್ಷನ್ನಿನ ಕೊನೆಯಲ್ಲಿ ಒಂದು ವಿವರಣೆ ಇದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಶಿರಸ್ತ್ರಾಣ ಎನಿಸಿಕೊಳ್ಳಬೇಕಾದರೆ ಅದರ ಆಕಾರ, ವಸ್ತು ಮತ್ತು ರಚನೆ ಅಪಘಾತದಲ್ಲಿ ಪೆಟ್ಟಿನಿಂದ ಕಾಪಾಡುವಂತಿರಬೇಕು, ಜೊತೆಗೆ ಪಟ್ಟಿಯಿಂದ ಅಥವಾ ಬೇರೆ ಬಂಧದಿಂದ ಅದು ತಲೆಗೆ ಭದ್ರವಾಗಿ ಕಟ್ಟಿರಬೇಕು. ಅಂದರೆ ಪಟ್ಟಿ ಬಿಗಿಯದೆ ಸುಮ್ಮನೆ ತಲೆಯ ಮೇಲೆ ಇಟ್ಟುಕೊಂಡವರನ್ನು ಕಾನೂನು ಹೆಲ್ಮೆಟ್ ಧರಿಸಿದವರು ಎಂದು ಎಣಿಸುವುದಿಲ್ಲ. ಕಟ್ಟಡ ಕೆಲಸದ ಹಳದಿ ಟೋಪಿ, ಸೈಕಲ್ ಹೆಲ್ಮೆಟ್, ಕ್ರಿಕೆಟ್ ಹೆಲ್ಮೆಟ್ ಇವೆಲ್ಲ ಬೇರೆ ಬೇರೆ ಪೆಟ್ಟುಗಳಿಗೆಂದು ಮಾಡಿದವು. ಕಟ್ಟಡದವರ ಟೋಪಿಗೂ ಐಎಸ್‌ಐ ಗುರುತು ಇರುತ್ತದೆ, ಆದರೆ ಅದರ ಮಾನದಂಡದ ಸಂಖ್ಯೆ ಐಎಸ್ 2925. ಮೇಲಿನಿಂದ ಇಟ್ಟಿಗೆ ಬಿದ್ದರೆ ತಡೆಯಲು ಅದು, ರಸ್ತೆಗೆ ತಲೆ ಬಡಿದಾಗ ತಡೆಯಲು ಅಲ್ಲ.

ಉಲ್ಲಂಘಿಸಿದರೆ 194ಡಿ ಸೆಕ್ಷನ್ ಪ್ರಕಾರ 1,000 ರೂಪಾಯಿ ದಂಡ ಮತ್ತು ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ದಂಡದ ಮೊತ್ತವನ್ನು 500 ರೂಪಾಯಿಗೆ ಇಳಿಸಿತು. ಜನ 500 ರೂಪಾಯಿಯನ್ನು ನೆನಪಿಟ್ಟುಕೊಂಡು ಪರವಾನಗಿಯ ಮಾತನ್ನು ಮರೆಯುತ್ತಾರೆ.

ನಿಗದಿಪಡಿಸಿದ ಮಾನದಂಡ ಯಾವುದು ಎಂದರೆ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, ರೂಪಿಸಿದ ಐಎಸ್ 4151. ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆಂದೇ ಇರುವ ಈ ಮಾನದಂಡದ 1993ರ ಆವೃತ್ತಿ ಬಹುಕಾಲ ಬಳಕೆಯಲ್ಲಿತ್ತು, 2015ರಲ್ಲಿ ಅದನ್ನು ಪರಿಷ್ಕರಿಸಿದರು. ಧರಿಸುವವರ ಮೇಲೆ ಮಾತ್ರ ಹೊರೆ ಹಾಕಿ ಮಾರುವವರನ್ನು ಬಿಟ್ಟಿದ್ದಾರೆ ಎಂಬ ದೂರು ಬಹಳ ವರ್ಷಗಳಿಂದ ಇತ್ತು, ಅದರಲ್ಲಿ ಹುರುಳೂ ಇತ್ತು. 2020ರ ನವೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಗುಣಮಟ್ಟ ನಿಯಂತ್ರಣ ಆದೇಶವೊಂದನ್ನು ಹೊರಡಿಸಿತು. 2021ರ ಜೂನ್ 1ರಿಂದ ಜಾರಿಗೆ ಬಂದ ಅದರ ಪ್ರಕಾರ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟನ್ನು ದೇಶದಲ್ಲಿ ತಯಾರಿಸುವುದು, ದಾಸ್ತಾನು ಮಾಡುವುದು, ಮಾರುವುದು, ಆಮದು ಮಾಡುವುದು ಎಲ್ಲವೂ ಅಪರಾಧ. 2016ರ ಬಿಐಎಸ್ ಕಾಯ್ದೆಯಲ್ಲಿ ಇದಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ ಎರಡು ಲಕ್ಷ ರೂಪಾಯಿ ದಂಡವನ್ನು ಬರೆದಿದೆ. ಹೀಗಿದ್ದೂ ಮೇಲ್ಸೇತುವೆಯ ಕೆಳಗೆ ಹಗ್ಗಕ್ಕೆ ಪೋಣಿಸಿದ ಹೆಲ್ಮೆಟ್‌ಗಳ ಸಾಲು ಕರಗಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಹೊಟ್ಟೆಪಾಡಿಗೆ ಅದನ್ನು ಮಾರುತ್ತಾ ಕುಳಿತವರ ಮೇಲಲ್ಲ. ಥರ್ಮೊಕೋಲ್ ಇಲ್ಲದ ಪ್ಲಾಸ್ಟಿಕ್ ಬಟ್ಟಲಿಗೆ ಐಎಸ್‌ಐ ಗುರುತನ್ನು ಅಚ್ಚು ಹಾಕಿ ಲಾರಿಗಟ್ಟಲೆ ಕಳಿಸುವವರ ಮೇಲೆ.

ಇನ್ನು ನಿಮ್ಮ ಹೆಲ್ಮೆಟ್ಟನ್ನು ಕೈಗೆತ್ತಿಕೊಳ್ಳಿ. ಅಸಲಿ ಗುರುತಿನಲ್ಲಿ ಮೂರು ಭಾಗಗಳಿರುತ್ತವೆ. ನಡುವೆ ಐಎಸ್‌ಐ ಚಿಹ್ನೆ, ಅದರ ಮೇಲೆ ಐಎಸ್ 4151 ಎಂಬ ಸಂಖ್ಯೆ, ಕೆಳಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ. ರಸ್ತೆ ಬದಿಯವುಗಳಲ್ಲಿ ಸಾಮಾನ್ಯವಾಗಿ ಚಿಹ್ನೆಯೊಂದೇ ಇರುತ್ತದೆ, ಕೆಳಗಿನ ಸಂಖ್ಯೆ ಇರುವುದಿಲ್ಲ. ಸಂಖ್ಯೆ ಇದ್ದರೆ ಅಲ್ಲಿಗೆ ನಿಲ್ಲಬೇಡಿ. ಮೊಬೈಲಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ಹಾಕಿಕೊಂಡು ಪರವಾನಗಿ ವಿವರ ಪರಿಶೀಲಿಸುವ ವಿಭಾಗದಲ್ಲಿ ಆ ಸಂಖ್ಯೆಯನ್ನು ಬರೆಯಿರಿ. ಯಾವ ತಯಾರಕ, ಯಾವ ಊರು, ಯಾವ ವಸ್ತುವಿಗೆ ಕೊಟ್ಟ ಪರವಾನಗಿ, ಈಗ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ತೆರೆಯ ಮೇಲೆ ಬರುತ್ತದೆ. ಹೆಲ್ಮೆಟ್ಟಿನ ಮೇಲಿನ ಹೆಸರು ಮತ್ತು ತೆರೆಯ ಮೇಲಿನ ಹೆಸರು ತಾಳೆಯಾಗಬೇಕು. ಬೇರೆ ಯಾವುದೋ ವಸ್ತುವಿನ ಪರವಾನಗಿ ಸಂಖ್ಯೆಯನ್ನು ಕದ್ದು ಹಾಕಿದವರೂ ಇದ್ದಾರೆ, ಅವಧಿ ಮುಗಿದ ಮೇಲೂ ತಯಾರಿಕೆ ಮುಂದುವರಿಸಿದವರೂ ಇದ್ದಾರೆ. ದೆಹಲಿಯಲ್ಲಿ ನಡೆದ ಬಿಐಎಸ್ ದಾಳಿಗಳಲ್ಲಿ 2,500ಕ್ಕೂ ಹೆಚ್ಚು ಹೆಲ್ಮೆಟ್‌ಗಳನ್ನು ವಶಪಡಿಸಿಕೊಂಡದ್ದಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜುಲೈನಲ್ಲಿ ತಿಳಿಸಿತು. ಅವುಗಳನ್ನು ತಯಾರಿಸಿದ ಒಂಬತ್ತು ಕಂಪನಿಗಳ ಪರವಾನಗಿ ಅವಧಿ ಮುಗಿದಿತ್ತು ಅಥವಾ ರದ್ದಾಗಿತ್ತು. ಅಂದರೆ ಒಮ್ಮೆ ನಿಜವಾದ ಪರವಾನಗಿ ಪಡೆದಿದ್ದವರೂ ಈ ಪಟ್ಟಿಯಲ್ಲಿದ್ದರು. ಸಂಖ್ಯೆಯನ್ನು ಆ್ಯಪ್‌ನಲ್ಲಿ ನೋಡಿಯೇ ನಂಬಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ನಕಲಿ ಎಂದು ಖಚಿತವಾದರೆ ಅದೇ ಆ್ಯಪ್‌ನಲ್ಲಿ ದೂರು ಕೊಡುವ ವ್ಯವಸ್ಥೆಯೂ ಇದೆ, ದಯವಿಟ್ಟು ಬಳಸಿ.

ಗುರುತನ್ನು ನೋಡಿದ ಮೇಲೆ ಹೆಲ್ಮೆಟ್ಟನ್ನು ಬೋರಲು ಹಾಕಿ ಒಳಗೆ ಬೆರಳು ಆಡಿಸಿ. ಒಳಬಟ್ಟೆಯನ್ನು ಅಂಚಿನಿಂದ ಸ್ವಲ್ಪ ಸರಿಸಿದರೆ ಗಟ್ಟಿಯಾದ ಥರ್ಮೊಕೋಲ್ ಪದರ ಕಾಣಬೇಕು, ಅದು ನೆತ್ತಿಯಲ್ಲಷ್ಟೇ ಇದ್ದರೆ ಸಾಲದು, ಹಣೆ, ಹಿಂದಲೆ ಮತ್ತು ತಲೆಯ ಎರಡೂ ಬದಿಗಳ ಕಡೆಗೂ ಇಳಿದಿರಬೇಕು. ಅಗ್ಗದವುಗಳಲ್ಲಿ ನೆತ್ತಿಗೆ ಒಂದು ತೆಳು ತಟ್ಟೆಯಷ್ಟು ಥರ್ಮೊಕೋಲ್ ಅಂಟಿಸಿ ಸುತ್ತ ಬರೀ ಸ್ಪಂಜು ತುರುಕಿರುತ್ತಾರೆ. ಹೆಬ್ಬೆರಳಿನಿಂದ ಒತ್ತಿದರೆ ಸ್ಪಂಜು ಪೂರ್ತಿ ಕುಸಿದು ಬೆರಳಿಗೆ ಪ್ಲಾಸ್ಟಿಕ್ ತಾಗುತ್ತದೆ. ತಲೆಬುರುಡೆಗೂ ಅಷ್ಟೇ ಬೇಗ ತಾಗುತ್ತದೆ. ಗದ್ದದ ಪಟ್ಟಿಯನ್ನು ಚಿಪ್ಪಿಗೆ ಸೇರಿಸಿದ ರಿವೆಟ್ಟನ್ನೂ ನೋಡಿ. ಪಟ್ಟಿಯನ್ನು ಗಟ್ಟಿಯಾಗಿ ಜಗ್ಗಿದಾಗ ರಿವೆಟ್ ಅಲುಗಾಡಿದರೆ ಆ ಹೆಲ್ಮೆಟ್ ನೆಲಕ್ಕೆ ಬೀಳುವ ಮೊದಲೇ ತಲೆಯಿಂದ ಹಾರಿಹೋಗುವಂಥದ್ದು.

ಥರ್ಮೊಕೋಲ್ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಹೆಲ್ಮೆಟ್ ಎಂದರೆ ಗಟ್ಟಿ ಚಿಪ್ಪು ಎಂದೇ ಎಲ್ಲರೂ ತಿಳಿಯುತ್ತಾರೆ, ಅಂಗಡಿಯವರು ಗೆಣ್ಣಿನಿಂದ ಕುಟ್ಟಿ ತೋರಿಸುವುದೂ ಅದನ್ನೇ. ಚಿಪ್ಪಿನ ಕೆಲಸ ಪೆಟ್ಟನ್ನು ಅಗಲವಾಗಿ ಹರಡುವುದು, ಚೂಪಾದದ್ದು ಒಳಹೊಗದಂತೆ ತಡೆಯುವುದು, ರಸ್ತೆಯ ಮೇಲೆ ತಲೆ ಸಿಕ್ಕಿಕೊಳ್ಳದೆ ಜಾರುವಂತೆ ಮಾಡುವುದು. ಮಿದುಳನ್ನು ಉಳಿಸುವ ಕೆಲಸ ಒಳಗಿನ ಥರ್ಮೊಕೋಲಿನದು. ಅದು ತಾನು ಅಪ್ಪಚ್ಚಿಯಾಗಿ ತಲೆ ನಿಲ್ಲುವುದಕ್ಕೆ ಒಂದಿಷ್ಟು ದೂರವನ್ನು ಕೊಡುತ್ತದೆ. ಸಣ್ಣ ಲೆಕ್ಕವೊಂದನ್ನು ಮಾಡೋಣ. ಯುರೋಪಿನ ಹಳೆಯ ಮಾನದಂಡದಲ್ಲಿ ಹೆಲ್ಮೆಟ್ ತೊಡಿಸಿದ ಲೋಹದ ತಲೆಯನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ಅಡಿಗಲ್ಲಿಗೆ ಬೀಳಿಸುತ್ತಿದ್ದರು. ಆ ವೇಗದ ತಲೆ ಎರಡೇ ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲೆ ಬೀಳುವ ಹೊಡೆತ ಗುರುತ್ವದ 1,400 ಪಟ್ಟು. ಇಪ್ಪತ್ತು ಮಿಲಿಮೀಟರಿನಲ್ಲಿ ಒಂದೇ ಸಮನಾಗಿ ನಿಂತರೆ 140 ಪಟ್ಟಿನ ಆಸುಪಾಸು. ನಿಜವಾದ ಪೆಟ್ಟು ಹೀಗೆ ಒಂದೇ ಸಮನಾಗಿ ಇಳಿಯುವುದಿಲ್ಲ, ನಡುವೆ ಶಿಖರಗಳು ಬರುತ್ತವೆ. ಆದರೂ ಬದುಕಿಗೂ ಸಾವಿಗೂ ನಡುವಿನ ಅಂತರ ಆ ಹದಿನೆಂಟು ಮಿಲಿಮೀಟರ್ ಎಂಬುದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಸ್ಪಂಜು ಆ ದೂರವನ್ನು ಕೊಡುವಂತೆ ಕಾಣುತ್ತದೆಯೇ ಹೊರತು ಕೊಡುವುದಿಲ್ಲ, ಏಕೆಂದರೆ ಅದು ಪ್ರತಿರೋಧವಿಲ್ಲದೆ ಕುಸಿದು ಕೊನೆಯ ಮಿಲಿಮೀಟರಿನಲ್ಲಿ ಎಲ್ಲ ಪೆಟ್ಟನ್ನೂ ತಲೆಗೆ ದಾಟಿಸುತ್ತದೆ.

7.5 ಮೀಟರ್ ಎಂದರೆ ಗಂಟೆಗೆ 27 ಕಿಲೋಮೀಟರ್. ಇದನ್ನು ಕೇಳಿದವರು ಹುಬ್ಬೇರಿಸುತ್ತಾರೆ. ಧಾರವಾಡದ ರಸ್ತೆಯಲ್ಲಿ 70ರಲ್ಲಿ ಹೋಗುವವನಿಗೆ 27ರ ಪರೀಕ್ಷೆ ಏನು ಪ್ರಯೋಜನ ಎಂದು. ಬೈಕಿನಿಂದ ಬಿದ್ದವರು ಬಹುಪಾಲು ಪ್ರಸಂಗಗಳಲ್ಲಿ ಮುಂದಕ್ಕೆ ಜಾರುತ್ತಾ ಕೆಳಕ್ಕೆ ಬೀಳುತ್ತಾರೆ. ತಲೆ ನೆಲಕ್ಕೆ ಬಡಿಯುವ ರಭಸವನ್ನು ನಿರ್ಧರಿಸುವುದು ಮುಖ್ಯವಾಗಿ ಅದು ಎಷ್ಟು ಎತ್ತರದಿಂದ ಬಿತ್ತು ಎಂಬುದು. ಸೀಟಿನಲ್ಲಿ ಕುಳಿತವರ ತಲೆ ನೆಲದಿಂದ ಒಂದೂವರೆ ಮೀಟರಿನಷ್ಟು ಮೇಲಿರುತ್ತದೆ, ಅಲ್ಲಿಂದ ಬಿದ್ದರೆ ಸೆಕೆಂಡಿಗೆ ಸುಮಾರು 5.4 ಮೀಟರ್ ವೇಗ. ಪರೀಕ್ಷೆಯಲ್ಲಿ ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದಷ್ಟು ರಭಸ ಇರುತ್ತದೆ. ಮುಂದಕ್ಕೆ ಜಾರುವ ವೇಗವನ್ನು ರಸ್ತೆಯ ಉಜ್ಜಾಟ ನಿಧಾನವಾಗಿ ತಿನ್ನುತ್ತದೆ. ಆದರೆ ಅದೇ ವೇಗದಲ್ಲಿ ಲಾರಿಗೋ ಸೇತುವೆಯ ಕಂಬಕ್ಕೋ ನೇರವಾಗಿ ತಲೆ ಬಡಿದರೆ ಜಗತ್ತಿನ ಯಾವ ಮಾನದಂಡದ ಹೆಲ್ಮೆಟ್ಟೂ ಭರವಸೆ ಕೊಡುವುದಿಲ್ಲ. ಹೆಲ್ಮೆಟ್ ಹಾಕಿದ್ದೇನೆ ಎಂದು ವೇಗ ಹೆಚ್ಚಿಸುವವರು ಈ ಸಂಖ್ಯೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ.

ಈ ಅಡಿಗಲ್ಲು ಚಪ್ಪಟೆಯದೂ ಇರುತ್ತದೆ, ರಸ್ತೆಯಂಚಿನ ಕಲ್ಲಿನಂತೆ ಮೂಲೆಯುಳ್ಳದ್ದೂ ಇರುತ್ತದೆ. ಲೋಹದ ತಲೆಯೊಳಗೆ ಒಂದು ಸಂವೇದಕವಿದ್ದು ಪೆಟ್ಟಿನ ಏರಿಳಿತವನ್ನು ಬರೆದುಕೊಳ್ಳುತ್ತದೆ. ಬಿಸಿಯಲ್ಲಿಟ್ಟ, ಚಳಿಯಲ್ಲಿಟ್ಟ, ನೀರಿನಲ್ಲಿ ನೆನೆಸಿದ ಹೆಲ್ಮೆಟ್‌ಗಳನ್ನೂ ಬೀಳಿಸಬೇಕು, ಏಕೆಂದರೆ ಬಿಸಿಲಿಗೆ ಮೆತ್ತಗಾಗುವ ಪ್ಲಾಸ್ಟಿಕ್ ಮತ್ತು ಚಳಿಗೆ ಬಿರುಕುಬಿಡುವ ಪ್ಲಾಸ್ಟಿಕ್ ಎರಡೂ ಉಂಟು. ಪಟ್ಟಿಯ ಪರೀಕ್ಷೆ ಬೇರೆಯೇ. ಯುರೋಪಿನ ಕ್ರಮದಲ್ಲಿ ಗದ್ದದ ಪಟ್ಟಿಗೆ ಹತ್ತು ಕಿಲೋ ತೂಕವನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಪಟ್ಟಿ 35 ಮಿಲಿಮೀಟರಿಗಿಂತ ಹೆಚ್ಚು ಜಗ್ಗಬಾರದು. ನಮ್ಮ ಐಎಸ್ 4151ರಲ್ಲೂ ಪೆಟ್ಟು ಹೀರುವುದು, ಪಟ್ಟಿಯ ಬಲ, ಚಿಪ್ಪಿನ ಗಡಸು, ಅಕ್ಕಪಕ್ಕದ ನೋಟಕ್ಕೆ ಅಡ್ಡಿಯಾಗದಿರುವುದು ಇವೆಲ್ಲಕ್ಕೂ ಪರೀಕ್ಷೆಗಳಿವೆ. ಮುಖದ ಗಾಜಿನ, ಅಂದರೆ ವೈಸರಿನ, ಮಾನದಂಡದ ಸಂಖ್ಯೆ ಐಎಸ್ 9973.

ಇನ್ನು ನಿಮ್ಮ ತಮ್ಮ ತಂದದ್ದು. ವೃತ್ತದೊಳಗಿನ ‘ಇ’ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ನಿಯಮ 22ರ ಅನುಮೋದನೆಯನ್ನು ಸೂಚಿಸುತ್ತದೆ, ಪಕ್ಕದ ಅಂಕಿ ಅನುಮೋದಿಸಿದ ದೇಶವನ್ನು. 1 ಎಂದರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ. ಕೆಳಗಿನ ಉದ್ದನೆಯ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ನೋಡಿ. 05 ಇದ್ದರೆ ಹಳೆಯ ಆವೃತ್ತಿ, 06 ಇದ್ದರೆ ಹೊಸದು. ಹೊಸದರಲ್ಲಿ ಒಂದೇ ವೇಗದ ಬದಲು ಕಡಿಮೆ ಮತ್ತು ಹೆಚ್ಚು ವೇಗಗಳಲ್ಲೂ, ಸೆಕೆಂಡಿಗೆ 6 ಮತ್ತು 8.2 ಮೀಟರಿನಲ್ಲೂ, ಬೀಳಿಸಿ ನೋಡುತ್ತಾರೆ. ಜೊತೆಗೆ 45 ಡಿಗ್ರಿ ಓರೆಯಾದ ಒರಟು ಅಡಿಗಲ್ಲಿಗೆ ಬೀಳಿಸಿ ತಲೆ ಎಷ್ಟು ತಿರುಚಿಕೊಳ್ಳುತ್ತದೆ ಎಂಬುದನ್ನೂ ಅಳೆಯುತ್ತಾರೆ. ಮಿದುಳಿಗೆ ನೇರ ಪೆಟ್ಟಿನಷ್ಟೇ ತಿರುಚುವ ಪೆಟ್ಟೂ ಅಪಾಯ, ಆದ್ದರಿಂದ ಇದು ದೊಡ್ಡ ಮುನ್ನಡೆ. ಸಂಖ್ಯೆಯ ಕೊನೆಗೆ ‘ಪಿ’ ಎಂದಿದ್ದರೆ ಗದ್ದದ ಭಾಗವೂ ರಕ್ಷಣೆಯ ಪರೀಕ್ಷೆ ಗೆದ್ದಿದೆ, ‘ಜೆ’ ಎಂದರೆ ಮುಖ ತೆರೆದ ಬಗೆ, ‘ಎನ್‌ಪಿ’ ಎಂದರೆ ಗದ್ದದ ಭಾಗ ಇದ್ದರೂ ಅದಕ್ಕೆ ರಕ್ಷಣೆಯ ಹೊಣೆ ಇಲ್ಲ.

ಇಷ್ಟಾದರೂ ಭಾರತದಲ್ಲಿ ಈ ಗುರುತಿಗೆ ಐಎಸ್‌ಐ ಸ್ಥಾನವಿಲ್ಲ. ವಾಹನಗಳ ಅನುಮೋದನೆಯನ್ನು ಪರಸ್ಪರ ಒಪ್ಪಿಕೊಳ್ಳುವ 1958ರ ಒಪ್ಪಂದಕ್ಕೆ ಭಾರತ ಸೇರಿಲ್ಲ. ನಮ್ಮ ನಿಯಮ ಬಿಐಎಸ್ ಮಾನದಂಡವನ್ನೇ ಹೆಸರಿಸುತ್ತದೆ. ಹಾಗಾಗಿ ಪೊಲೀಸರು ನಿಮ್ಮನ್ನು ನಿಲ್ಲಿಸಿ ಐಎಸ್‌ಐ ಎಲ್ಲಿ ಎಂದು ಕೇಳಿದರೆ ಕಾನೂನು ಅವರ ಪರ. ಬಹಳಷ್ಟು ಪೊಲೀಸರು ಪೂರ್ಣ ಮುಖದ ಒಳ್ಳೆಯ ಹೆಲ್ಮೆಟ್ ಕಂಡರೆ ಮುಂದಕ್ಕೆ ಬಿಡುತ್ತಾರೆ, ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಇಂಥ ಒಳ್ಳೆಯ ಹೆಲ್ಮೆಟ್ ಹಾಕಿದವರನ್ನು ತಪ್ಪಿತಸ್ಥರ ಸಾಲಿಗೆ ಸೇರಿಸುವ ನಿಯಮ ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬದಲಾಗುವವರೆಗೆ ನೆಮ್ಮದಿಯ ದಾರಿ ಎಂದರೆ ಎರಡೂ ಗುರುತುಗಳಿರುವ ಹೆಲ್ಮೆಟ್, ಈಗ ಅಂಥವು ನಮ್ಮ ಮಾರುಕಟ್ಟೆಯಲ್ಲಿ ಸಿಗುತ್ತವೆ.

ಹೆಲ್ಮೆಟ್‌ಗಳ ಹಿಂಬದಿಯಲ್ಲಿ ‘ಡಾಟ್’ ಎಂಬ ಅಮೆರಿಕದ ಗುರುತನ್ನೂ ನೋಡಿರುತ್ತೀರಿ. ಅಮೆರಿಕದಲ್ಲಿ ತಯಾರಕನೇ ತನ್ನ ಹೆಲ್ಮೆಟ್ ಮಾನದಂಡಕ್ಕೆ ಹೊಂದುತ್ತದೆ ಎಂದು ಪ್ರಮಾಣಿಸಿಕೊಂಡು ಆ ಗುರುತು ಹಾಕುತ್ತಾನೆ, ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಕೊಂಡು ಪರೀಕ್ಷಿಸುತ್ತದೆ. ಅಲ್ಲಿ ತಪ್ಪು ಸಿಕ್ಕಿದರೆ ಹೆಲ್ಮೆಟ್‌ಗಳನ್ನು ಹಿಂದಕ್ಕೆ ಕರೆಸಬೇಕಾಗುತ್ತದೆ. ನಮ್ಮ ರಸ್ತೆ ಬದಿಯಲ್ಲಿ ಅಂಟಿಸಿದ ಡಾಟ್ ಸ್ಟಿಕ್ಕರಿಗೆ ಅಂಥ ಯಾವ ಕಾವಲೂ ಇಲ್ಲ, ಅದನ್ನು ಅಲಂಕಾರ ಎಂದುಕೊಳ್ಳಿ.

ಯಾವ ಗುರುತೂ ಹೇಳದ ಒಂದು ವಿಚಾರವಿದೆ, ಅದೇ ಅಳತೆ. ಪ್ರಯೋಗಾಲಯದ ಲೋಹದ ತಲೆಗೆ ಹೆಲ್ಮೆಟ್ ಹೊಂದಿಕೊಂಡೇ ಇರುತ್ತದೆ, ನಿಮ್ಮ ತಲೆಗೆ ಹೊಂದುತ್ತದೆಯೇ ಎಂಬುದನ್ನು ನೀವೇ ನೋಡಬೇಕು. ಹುಬ್ಬಿನಿಂದ ಎರಡು ಬೆರಳು ಮೇಲೆ ಅಳತೆ ಪಟ್ಟಿ ಸುತ್ತಿ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಹೊಸ ಹೆಲ್ಮೆಟ್ ಕೆನ್ನೆಗಳನ್ನು ಸ್ವಲ್ಪ ಒತ್ತಬೇಕು, ಒಂದೇ ಕಡೆ ಹಣೆ ನೋಯಿಸಬಾರದು. ಪಟ್ಟಿ ಬಿಗಿದು ಹೆಲ್ಮೆಟ್ಟನ್ನು ಕೈಯಿಂದ ಎಡಬಲಕ್ಕೆ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ಆಮೇಲೆ ತಲೆ ಬಗ್ಗಿಸಿ, ಹಿಂಬದಿಯ ಕೆಳ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಹೆಲ್ಮೆಟ್ ಕೊಳ್ಳುವವರು ಬಣ್ಣ ಆರಿಸಲು ಕೊಡುವ ಸಮಯದಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೆ ಸಾಕು. ಪಟ್ಟಿ ಮತ್ತು ಗದ್ದದ ನಡುವೆ ಒಂದೆರಡು ಬೆರಳು ತೂರುವಷ್ಟು ಬಿಗಿ ಇರಲಿ.

ಬರೀ ನೆತ್ತಿ ಮುಚ್ಚುವ ಅರ್ಧ ಟೋಪಿಗಳು ಕಿವಿಯ ಮೇಲ್ಭಾಗವನ್ನೂ ಹಿಂದಲೆಯನ್ನೂ ಬಯಲಿಗೆ ಬಿಡುತ್ತವೆ, ಅವು ಮಾನದಂಡ ಕೇಳುವಷ್ಟು ಭಾಗವನ್ನು ಮುಚ್ಚುವುದೇ ಇಲ್ಲ. ಸೆಕೆಗೆ ಅದೇ ಹಿತ ಎನ್ನುವವರಿಗೆ ಗಾಳಿಕಿಂಡಿಗಳಿರುವ, ಗದ್ದದ ಭಾಗವೂ ಇರುವ ಪೂರ್ಣ ಹೆಲ್ಮೆಟ್‌ಗಳನ್ನು ಹಾಕಿ ನೋಡಿ ಎನ್ನುತ್ತೇನೆ. ಬೆಲೆ ಸಾವಿರ ರೂಪಾಯಿಯ ಆಸುಪಾಸಿನಿಂದ ಶುರುವಾಗುತ್ತದೆ. ಹತ್ತು ಸಾವಿರದ್ದು ಹತ್ತು ಪಟ್ಟು ಕಾಪಾಡುವುದಿಲ್ಲ, ಹೆಚ್ಚಿನ ಹಣ ಹಗುರ ಚಿಪ್ಪಿಗೆ, ಒಳ್ಳೆಯ ಗಾಜಿಗೆ, ಗಾಳಿಯಾಟಕ್ಕೆ ಹೋಗುತ್ತದೆ. ಕಪ್ಪು ಗಾಜಿನದನ್ನು ಕೊಂಡರೆ ರಾತ್ರಿಗೆಂದು ಬಿಳಿ ಗಾಜನ್ನೂ ಕೊಳ್ಳಿ. ಯುರೋಪಿನಲ್ಲಿ ಗಾಜು ಬೆಳಕಿನ ನೂರಕ್ಕೆ 80ಕ್ಕಿಂತ ಕಡಿಮೆ ಪಾಲನ್ನು ಬಿಟ್ಟರೆ ಹಗಲಿಗೆ ಮಾತ್ರ ಎಂದು ಅದರ ಮೇಲೆ ಬರೆಯಲೇಬೇಕು.

ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಗೀರಿಲ್ಲದಿದ್ದರೂ ಮತ್ತೆ ಉಪಯೋಗಕ್ಕಿಲ್ಲ. ಥರ್ಮೊಕೋಲ್ ಅಪ್ಪಚ್ಚಿಯಾದ ಮೇಲೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಮೇಜಿನಿಂದ ಖಾಲಿ ಹೆಲ್ಮೆಟ್ ಉರುಳಿದ್ದಕ್ಕೆ ಗಾಬರಿ ಬೇಡ, ಒಳಗೆ ತಲೆಯ ಭಾರ ಇಲ್ಲದಾಗ ಆ ಪದರ ಅಷ್ಟು ಜಜ್ಜುವುದಿಲ್ಲ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ಬಣ್ಣ ಬಳಿಯಬೇಡಿ, ಕ್ಯಾಮೆರಾ ಕೂರಿಸಲು ತೂತು ಕೊರೆಯಬೇಡಿ. ಬೆವರಿನ ಒಳಬಟ್ಟೆಗೆ ಸೋಪಿನ ನೀರು ಸಾಕು. ಬಿಟ್ಟುಬಿಡುವ ಹೆಲ್ಮೆಟ್ಟಿನ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ, ಇಲ್ಲವಾದರೆ ಅದು ಇನ್ನೊಬ್ಬರ ತಲೆಗೆ ಏರುತ್ತದೆ.

ಹೆಲ್ಮೆಟ್ ತೊಡುವುದರಿಂದ ಆಗುವ ಲಾಭ ಊಹೆಯ ಮಾತಲ್ಲ. ಬ್ರಿಟನ್ನಿನ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ 1935ರಲ್ಲಿ ಬೈಕಿನಿಂದ ಬಿದ್ದ, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್‌ಗೆ ಚಿಕಿತ್ಸೆ ನೀಡಿದವರಲ್ಲಿ ಒಬ್ಬರು. ಲಾರೆನ್ಸ್ ಆರು ದಿನಗಳ ನಂತರ ತೀರಿಕೊಂಡರು. ಕೇರ್ನ್ಸ್ ಆಮೇಲೆ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು, ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿಂದೀಚೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಸುಮಾರು ಶೇ 69ರಷ್ಟು ತಗ್ಗಿಸುತ್ತದೆ ಎಂದು ಕಂಡುಬಂದಿದೆ.

ನಿಮ್ಮ ಹೆಂಡತಿಯ ವಿಚಾರಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಿಂದ. ಓಡಿಸುವವರಿಗೆ ಒಳ್ಳೆಯದನ್ನು ಕೊಂಡು ಹಿಂದೆ ಕೂರುವವರಿಗೆ ದಂಡ ತಪ್ಪಿಸಲೆಂದು ಅಗ್ಗದ್ದನ್ನು ಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೇರೂರಿದೆ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹಿಂದೆ ಕುಳಿತವರಿಗೆ ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲ, ಮುಂದೇನು ಬರುತ್ತಿದೆ ಎಂಬುದು ಕಾಣುವುದಿಲ್ಲ, ಬ್ರೇಕ್ ಹಾಕುವ ಮುನ್ಸೂಚನೆಯೂ ಇರುವುದಿಲ್ಲ. ಅವರ ತಲೆಗೆ ನಿಮ್ಮ ತಲೆಯಷ್ಟೇ ಥರ್ಮೊಕೋಲ್ ಬೇಕು. ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಅಳತೆಯದನ್ನೇ ಕೊಳ್ಳಿ. ಜಡೆ ಅಥವಾ ಗಂಟು ಹಾಕುವವರಾದರೆ ಹಾಗೆಯೇ ಹಾಕಿಕೊಂಡು ಹೋಗಲಿ, ಗಂಟು ನೆತ್ತಿಯಲ್ಲಿದ್ದರೆ ಯಾವ ಹೆಲ್ಮೆಟ್ಟೂ ಕೆಳಗೆ ಕೂರುವುದಿಲ್ಲ, ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿಕೊಳ್ಳಬೇಕು. ಇನ್ನೊಂದು ಮಾತು, ದ್ವಿಚಕ್ರ ವಾಹನ ಕೊಳ್ಳುವಾಗ ಬಿಐಎಸ್ ಮಾನದಂಡದ ಹೆಲ್ಮೆಟ್ ಒದಗಿಸುವುದು ಕೇಂದ್ರ ಮೋಟಾರು ವಾಹನ ನಿಯಮ 138ರ ಪ್ರಕಾರ ವಾಹನ ತಯಾರಕರ ಹೊಣೆ. ಮುಂದಿನ ಬಾರಿ ಷೋರೂಮಿಗೆ ಹೋದಾಗ ಕೇಳಿ ಪಡೆಯಿರಿ.

ಮಗಳಿಗೆ ಈಗ ಮೂರು ವರ್ಷವಾದ್ದರಿಂದ ಬೇರೆ ನಿಯಮ. 2022ರ ಫೆಬ್ರುವರಿ 15ರಂದು ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಗೆ ಬಂದ ತಿದ್ದುಪಡಿ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವುದಕ್ಕೆ ಮೂರು ಶರತ್ತುಗಳನ್ನು ಹಾಕುತ್ತದೆ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು, ಇಲ್ಲಿ ಮಾತ್ರ ನಿಗದಿತ ಅಂತರರಾಷ್ಟ್ರೀಯ ಮಾನದಂಡದ ಸೈಕಲ್ ಹೆಲ್ಮೆಟ್ಟಿಗೂ ಅವಕಾಶವಿದೆ. ಮಗುವನ್ನು ಓಡಿಸುವವರಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ಅದು ಹಗುರವಾಗಿ, ನೀರು ಹಿಡಿಯದಂತೆ, 30 ಕಿಲೋವರೆಗಿನ ಭಾರ ತಡೆಯುವಂತೆ ಇರಬೇಕು. ಮಗು ಇರುವಾಗ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಮುಂದೆ ಕೂರಿಸಿಕೊಳ್ಳುವುದನ್ನು ಪ್ರೀತಿಯಿಂದಲೇ ಮಾಡುತ್ತೇವೆ, ಆದರೆ ಗಟ್ಟಿ ಬ್ರೇಕ್ ಬಿದ್ದಾಗ ಹ್ಯಾಂಡಲ್ ಮತ್ತು ನಿಮ್ಮ ಎದೆಯ ನಡುವೆ ಸಿಕ್ಕುವುದು ಆ ಮಗುವೇ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ದೂರದ ಪ್ರಯಾಣಕ್ಕಂತೂ ಅವಳನ್ನು ಬಸ್ಸಿನಲ್ಲಿ ಕರೆದೊಯ್ಯಿರಿ ಎಂದೇ ನನ್ನ ಸಲಹೆ. ಊರೊಳಗಿನ ಓಡಾಟಕ್ಕೆ ಮೇಲೆ ಹೇಳಿದ ಪಟ್ಟಿಯನ್ನೂ ಚಿಕ್ಕ ಹೆಲ್ಮೆಟ್ಟನ್ನೂ ಈಗಲೇ ಕೊಂಡುಬಿಡಿ. ನಾಲ್ಕು ತುಂಬಿದ ಮೇಲೆ ಸೈಕಲ್ ಹೆಲ್ಮೆಟ್ ನಡೆಯುವುದಿಲ್ಲ, ಆಗ ಮಕ್ಕಳ ಅಳತೆಯ ಐಎಸ್ 4151 ಗುರುತಿನದನ್ನೇ ಕೊಳ್ಳಬೇಕು. ‘ಬೆಳೆಯುವ ಮಗು, ಒಂದು ಅಳತೆ ದೊಡ್ಡದಿರಲಿ’ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.